ಸಹಾಯ ಬೇಕು: ತಾಳಮದ್ದಲೆಯ ವಿಡಿಯೊ ಜಾಲತಾಣದಲ್ಲಿ ತಡೆದು ತಡೆದು ಓಡುತ್ತಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮೂರಿನಲ್ಲಿ ಚಿತ್ರೀಕರಿಸಿದ ಎರಡು ಗಂಟೆಯ ತಾಳಮದ್ದಲೆಯನ್ನು (ವೇಷ, ಕುಣಿತಗಳಿಲ್ಲದ ಯಕ್ಷಗಾನ ಕೂಟ) ನಮ್ಮ ಜಾಲತಾಣಕ್ಕೆ ಏರಿಸಬೇಕಾಗಿದ್ದು, 14 ಜಿಬಿಯ ಮೂಲ ಕಡತವನ್ನು ಎಚ್.264 ಸಂಕೋಚನ ವಿಧಾನದ ಎಂಪಿ4 ಆಗಿ, 720ಪಿ ಅಳತೆಗೆ, ಸಿಆರ್‌ಎಫ್ (ಗುಣಮಟ್ಟದ ಅಂಕ; ಹೆಚ್ಚಿದಷ್ಟೂ ಕಡತ ಚಿಕ್ಕದು) 23ರಲ್ಲಿ ಕುಗ್ಗಿಸಿದ್ದೇನೆ. ಆದರೂ ಪ್ಲೇ ಒತ್ತಿದ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಭಾಗವತರ ದನಿ ಕೇಳುವಷ್ಟರಲ್ಲಿ ಲೋಟದ ಕಾಫಿ ಆರಿರುತ್ತಿತ್ತು. ಕಡತದ ಸೂಚಿ (ಚಿತ್ರ, ಧ್ವನಿ ಎಲ್ಲೆಲ್ಲಿವೆ ಎನ್ನುವ ಪಟ್ಟಿ) ಕೊನೆಯಲ್ಲಿ ಉಳಿದರೆ ಹೀಗಾಗುತ್ತದೆಂದು ತಿಳಿದು, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆಯಿಂದ, ಮತ್ತೆ ಎನ್‌ಕೋಡ್ ಮಾಡದೆಯೇ, ಅದನ್ನು ಮುಂದಕ್ಕೆ ತಂದ ಮೇಲೆ ಆರಂಭವೇನೋ ಬೇಗನಾಯಿತು. ಆದರೆ ಮಳೆಗಾಲದ ನಮ್ಮ ಮೊಬೈಲ್ ಸಂಪರ್ಕಕ್ಕೆ ಈ 720ಪಿ ಕಡತವೂ ಭಾರವೇ, ನಡುನಡುವೆ ತಡೆಯುತ್ತದೆ. ಅರ್ಥಧಾರಿಗಳು (ಪಾತ್ರಗಳ ಮಾತನ್ನಾಡುವ ಕಲಾವಿದರು) ಕುಳಿತೇ ಮಾತನಾಡುವುದರಿಂದ 480ಪಿಗೆ ಇಳಿಸಿದರೆ ಸಾಕೇ, ಅಥವಾ ಎಚ್‌ಎಲ್‌ಎಸ್ ಮಾದರಿಯಲ್ಲಿ ತುಣುಕುಗಳಾಗಿ ಒಡೆದು ಸಂಪರ್ಕಕ್ಕೆ ತಕ್ಕುದನ್ನು ಪ್ಲೇಯರ್ ತಾನೇ ಆರಿಸಿಕೊಳ್ಳುವಂತೆ ಎರಡು ಮೂರು ಗುಣಮಟ್ಟಗಳಲ್ಲಿ ಇಡಬೇಕೇ? ಮದ್ದಳೆಯ ಪೆಟ್ಟು ಮಂಕಾಗದಿರಲು ಎಎಸಿ ಧ್ವನಿಗೆ 128 ಕೆಬಿಪಿಎಸ್ ಸಾಲುವುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.