ವೈಫೈ ಆನ್ ಆದ ಕೂಡ್ಲೆ ಬೋರ್ಡ್ ರೀಸೆಟ್, ಇನ್ನೆಷ್ಟು 104 ಕೆಪಾಸಿಟರ್ ಹಾಕ್ಲಿ?

ಟ್ಯಾಂಕ್_ತುಂಬ್ತಾ:
ಎಲ್ರಿಗೂ ನಮಸ್ಕಾರ. ಮನೆ ನೀರಿನ ಟ್ಯಾಂಕ್ ಲೆವೆಲ್ ನೋಡೋಕೆ ಅಂತ ಇಎಸ್‌ಪಿ32 ಮಾಡ್ಯೂಲ್ (ವೈಫೈ ಇರೋ ಚಿಕ್ಕ ಕಂಟ್ರೋಲರ್) ಇಟ್ಟು ಒಂದು ಪಿಸಿಬಿ, ಅಂದ್ರೆ ಸರ್ಕ್ಯೂಟ್ ಬೋರ್ಡ್, ಮಾಡ್ಸಿದೀನಿ. ಯುಎಸ್‌ಬಿ 5 ವೋಲ್ಟ್, ಅಲ್ಲಿಂದ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಇಳಿಸೋ ಚಿಪ್), ಅಲ್ಲಿಂದ 3.3. ಸೆನ್ಸರ್ ಓದ್ತಾ ಇರೋವರೆಗೂ ಆರಾಮಾಗಿರತ್ತೆ, ವೈಫೈ ಕನೆಕ್ಟ್ ಆಗೋಕೆ ಹೋದ್ರೆ ಸಾಕು ಸೀರಿಯಲ್ ಮಾನಿಟರ್‌ನಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಸಾಲ್ತಿಲ್ಲ) ಅಂತ ಬಂದು ರೀಸೆಟ್. ಮಲ್ಟಿಮೀಟರ್ ಇಟ್ರೆ ಸರಿಯಾಗಿ 3.3 ತೋರ್ಸತ್ತೆ. ರೆಗ್ಯುಲೇಟರ್ ಪಕ್ಕ ಒಂದು 104 (0.1 ಮೈಕ್ರೋಫ್ಯಾರಡ್, ಅಂದ್ರೆ 100 ನ್ಯಾನೋ ಕೆಪಾಸಿಟರ್) ಇದೆ, ಮಾಡ್ಯೂಲ್‌ಗೆ ಎರಡು ಇಂಚು ದೂರ. ಇನ್ನೂ ನಾಕು ಸೇರಿಸ್ಲಾ? ಫ್ರೆಂಡ್ ಒಬ್ಬ 100 ನ್ಯಾನೋ, 10 ನ್ಯಾನೋ, 1 ನ್ಯಾನೋ ಮೂರೂ ಸಾಲಾಗಿ ಹಾಕು ಅಂತಾನೆ.

ಸೋಲ್ಡರ್_ಹುಚ್ಚ:
ಮಲ್ಟಿಮೀಟರ್ ನಂಬ್ಬೇಡಿ ಗುರು, ಅದು ಸರಾಸರಿ ತೋರ್ಸತ್ತೆ, ಮೈಕ್ರೋಸೆಕೆಂಡ್‌ನಲ್ಲಿ ವೋಲ್ಟೇಜ್ ಬೀಳೋ ಗುಂಡಿ ಅದರ ಕಣ್ಣಿಗೆ ಬೀಳಲ್ಲ. ಲೆಕ್ಕ ಹಾಕಿ: ಟ್ರಾನ್ಸ್‌ಮಿಟ್ ಮಾಡೋವಾಗ ಒಂದೇ ಸಲ 0.4 ಆಂಪ್ ಎಳೀತು ಅಂದ್ಕೊಳಿ, 1 ಮೈಕ್ರೋಸೆಕೆಂಡ್ ಅದನ್ನ 0.1 ಮೈಕ್ರೋಫ್ಯಾರಡ್ ಒಂದೇ ಕೊಡ್ಬೇಕು ಅಂದ್ರೆ 4 ವೋಲ್ಟ್ ಇಳೀಬೇಕು, ನಿಮ್ಹತ್ರ ಇರೋದೇ 3.3! 104 ಅಂದ್ರೆ ಚೊಂಬು, ಪಕ್ಕದಲ್ಲಿ ಬಕೆಟ್ಟೂ ಬೇಕು. ಮಾಡ್ಯೂಲ್‌ನ 3.3 ಪಿನ್ ಹತ್ರಾನೇ 22 ಮೈಕ್ರೋ ಸಿರಾಮಿಕ್, ಜೊತೆಗೆ 100 ಮೈಕ್ರೋ ಎಲೆಕ್ಟ್ರೋಲಿಟಿಕ್ ಹಾಕಿ. 104 ಇರ್ಲಿ, ಆದ್ರೆ ಪಿನ್‌ಗೆ ಅಂಟ್ಕೊಂಡಿರ್ಲಿ.

ಹಳೇ_ಬೆಂಚು:
ಮೂರು ವ್ಯಾಲ್ಯೂ ಹಾಕೋದು ಕಾಲಿರೋ ಕೆಪಾಸಿಟರ್ ಕಾಲದ ಅಭ್ಯಾಸ. ಈಗ ಮೂರೂ ಕಾಲಿಲ್ಲದ 0603 ಸೈಜೇ ಆದ್ರೆ ಇಂಡಕ್ಟನ್ಸ್ (ಕರೆಂಟ್ ದಿಢೀರ್ ಬದಲಾಗೋಕೆ ಅಡ್ಡ ಬರೋ ಗುಣ) ಮೂರಕ್ಕೂ ಒಂದೇ, ಚಿಕ್ಕ ವ್ಯಾಲ್ಯೂ ಹಾಕಿ ಲಾಭ ಏನೂ ಇಲ್ಲ. ದೂರಾನೇ ದೊಡ್ಡ ವಿಷ್ಯ. ಸರಿಯಾಗಿ ಕೂರಿಸಿದ 100 ನ್ಯಾನೋಗೆ 1 ನ್ಯಾನೋಹೆನ್ರಿ ಇದ್ರೆ ಸುಮಾರು 16 ಮೆಗಾಹರ್ಟ್ಸ್‌ವರೆಗೂ ಅದು ಕೆಪಾಸಿಟರ್ ಥರ ನಡ್ಕೊಳತ್ತೆ, ಅದೇ 15 ಮಿಲಿಮೀಟರ್ ಸಣ್ಣ ಟ್ರ್ಯಾಕ್ ಎಳೆದ್ರೆ ಹೆಚ್ಚುಕಮ್ಮಿ 15 ನ್ಯಾನೋಹೆನ್ರಿ ಸೇರ್ಕೊಂಡು 4 ಮೆಗಾಹರ್ಟ್ಸ್‌ಗೇ ಮುಗೀತು. ನಿಮ್ದು ಎರಡು ಇಂಚು 😀 ಗ್ರೌಂಡ್ ಕಡೆ ದಾರೀನೂ ಇದ್ರಲ್ಲಿ ಲೆಕ್ಕ, ವಯಾ (ಬೋರ್ಡ್‌ನ ಇನ್ನೊಂದು ಪದರಕ್ಕೆ ಹೋಗೋ ತೂತು) ಪ್ಯಾಡ್ ಪಕ್ಕದಲ್ಲೇ ಇರ್ಲಿ.

ಇನ್ನೊಂದು, ಅಂಗಡೀಲಿ ಬರೀ '22 ಮೈಕ್ರೋ ಕೊಡಿ' ಅನ್ಬೇಡಿ. ಎಕ್ಸ್5ಆರ್ ಅಥವಾ ಎಕ್ಸ್7ಆರ್ ನಮೂನೆ ಸಿರಾಮಿಕ್ ಅಂತ ಕೇಳಿ, ವೈ5ವಿ ನಮೂನೆ ಆದ್ರೆ ಬಿಸಿ ತಣ್ಣಗೆ ಆಗೋದ್ರಲ್ಲೇ 82% ವರೆಗೂ ಇಳೀಬಹುದು. ಎಕ್ಸ್5ಆರ್‌ಗೂ ಮೇಲೆ ಡಿಸಿ ವೋಲ್ಟೇಜ್ ಕೊಟ್ರೆ ಕೆಪಾಸಿಟನ್ಸ್ ಇಳಿಯತ್ತೆ, ಚಿಕ್ಕ ಪ್ಯಾಕೇಜಲ್ಲಿ 6.3 ವೋಲ್ಟ್‌ದು ತಗೊಂಡ್ರೆ ಅರ್ಧ ಹೋದ್ರೂ ಆಶ್ಚರ್ಯ ಇಲ್ಲ. 16 ವೋಲ್ಟ್, 0805 ಇಲ್ಲಾ 1206 ತಗೊಳಿ.

ಟ್ಯಾಂಕ್_ತುಂಬ್ತಾ:
ಅಪ್‌ಡೇಟ್: ಎಸ್‌ಪಿ ರೋಡಿಗೆ ಹೋಗಿ ತಂದೆ. ಮಾಡ್ಯೂಲ್ ಪಿನ್ ಪಕ್ಕ ಹಸಿರು ಮಾಸ್ಕ್ ಕೆರೆದು 22 ಮೈಕ್ರೋ ಕೂರಿಸಿದೆ, ಅದರ ಮೇಲೇ 104, ನೋಡೋಕೆ ಅಸಹ್ಯ. ಹತ್ತರಲ್ಲಿ ಒಂಬತ್ತು ಸಲ ಕನೆಕ್ಟ್ ಆಗ್ತಿದೆ, ಒಂದು ಸಲ ಮಾತ್ರ ಇನ್ನೂ ರೀಸೆಟ್.

ಸೋಲ್ಡರ್_ಹುಚ್ಚ:
100 ಮೈಕ್ರೋ ಮರೆತ್ರಾ? ಮತ್ತೆ ಕೇಬಲ್ ಬದ್ಲಾಯ್ಸಿ. ಎಎಂಎಸ್1117ಗೆ ಔಟ್‌ಪುಟ್‌ಗಿಂತ ಸುಮಾರು 1.1 ವೋಲ್ಟ್ ಜಾಸ್ತಿ ಬೇಕು, ಅಂದ್ರೆ ಇನ್‌ಪುಟ್‌ನಲ್ಲಿ 4.4. ತೆಳು ಕೇಬಲ್ ಆದ್ರೆ ಅಷ್ಟು ಉಳಿಯಲ್ಲ.

ಟ್ಯಾಂಕ್_ತುಂಬ್ತಾ:
ಎರಡೂ ಮಾಡ್ದೆ, ರಾತ್ರಿಯಿಂದ ಒಂದೂ ರೀಸೆಟ್ ಇಲ್ಲ. ಆ ಕೇಬಲ್ ಹಳೇ ಟ್ರಿಮ್ಮರ್ ಜೊತೆ ಬಂದಿದ್ದು 🙏