ಸಹಾಯ ಬೇಕು: ಎಂಆರ್‌ಐ ಚಿತ್ರಗಳಲ್ಲಿ ಮಿದುಳಿನ ಒಳರಚನೆಗಳ ಗಡಿ ಗುರುತಿಸುವ ಬಗ್ಗೆ

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಮಡಿಕೇರಿಯ ಮನೆಯಲ್ಲಿದ್ದುಕೊಂಡು ಸ್ನಾತಕೋತ್ತರ ಪ್ರಬಂಧದ ಕೆಲಸ ಮಾಡುತ್ತಿರುವ ನಾನು, ಹೆಸರು ಮತ್ತು ವಿವರಗಳನ್ನು ತೆಗೆದುಹಾಕಿದ 40 ಎಂಆರ್‌ಐ ಚಿತ್ರಗಳಲ್ಲಿ ಥಾಲಮಸ್, ಪುಟಾಮೆನ್, ಗ್ಲೋಬಸ್ ಪ್ಯಾಲಿಡಸ್ ಹಾಗೂ ಹಿಪೊಕ್ಯಾಂಪಸ್ ಎಂಬ ಮಿದುಳಿನ ಒಳರಚನೆಗಳ ಗಡಿಯನ್ನು ತಂತ್ರಾಂಶದಿಂದಲೇ ಗುರುತಿಸಿ ಗಾತ್ರ ಅಳೆಯಬೇಕಾಗಿದೆ.

ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ಎಫ್‌ಎಸ್‌ಎಲ್ ತಂತ್ರಾಂಶದಲ್ಲಿರುವ, ಇಂಥ ಗಡಿ ಗುರುತಿಸುವ ಫಸ್ಟ್ ಎಂಬ ಸಾಧನವನ್ನು ಬಳಸಿದಾಗ ಪುಟಾಮೆನ್ ಮತ್ತು ಹಿಪೊಕ್ಯಾಂಪಸ್ ಬಹುಮಟ್ಟಿಗೆ ಸರಿಯಾಗಿ ಬರುತ್ತವೆ. ತೊಡಕಿರುವುದು ಪ್ಯಾಲಿಡಸ್‌ನಲ್ಲಿ. ಅಲ್ಲಿ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ನರನಾರುಗಳೂ ಕಬ್ಬಿಣದ ಅಂಶವೂ ಹೆಚ್ಚಿರುವುದರಿಂದ ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಪಕ್ಕದ ಬಿಳಿದ್ರವ್ಯದಷ್ಟೇ (ನರನಾರುಗಳು ತುಂಬಿದ ಭಾಗದಷ್ಟೇ) ಬೆಳ್ಳಗೆ ಕಾಣುತ್ತದೆ. ಹೀಗಾಗಿ ಗೆರೆಯು ಒಳಮಗ್ಗುಲಿನ ಇಂಟರ್ನಲ್ ಕ್ಯಾಪ್ಸ್ಯೂಲ್ ಎಂಬ ಬಿಳಿದ್ರವ್ಯದ ಪಟ್ಟಿಯೊಳಕ್ಕೆ ಎರಡು ಮೂರು ವಾಕ್ಸೆಲ್‌ಗಳಷ್ಟು (ಚಿತ್ರದ ಮೂರು ಆಯಾಮದ ಚುಕ್ಕಿಗಳಷ್ಟು) ಚಾಚಿಕೊಳ್ಳುತ್ತಿದೆ. ಅಷ್ಟು ಪುಟ್ಟ ರಚನೆಯಲ್ಲಿ ಇದನ್ನು ಸಣ್ಣ ತಪ್ಪೆಂದು ಬಿಡಲಾಗದು.

ಇದೇ ಕೆಲಸ ಮಾಡುವ ಮತ್ತೊಂದು ತಂತ್ರಾಂಶವಾದ ಫ್ರೀಸರ್ಫರ್‌ನ ಪೂರ್ಣ ಪ್ರಕ್ರಿಯೆಗೆ ಒಂದೊಂದು ಚಿತ್ರಕ್ಕೂ ಹಲವು ಗಂಟೆ ಬೇಕು. ಕಕ್ಕಡ ತಿಂಗಳ ಈ ಮಳೆಯಲ್ಲಿ ಅಷ್ಟು ಹೊತ್ತು ಸತತವಾಗಿ ಕರೆಂಟು ಇರುವುದೇ ಅಪರೂಪ. ನಿನ್ನೆ ಆರನೇ ಗಂಟೆಗೆ ಕಂಪ್ಯೂಟರ್ ಆರಿಹೋಗಿ, ಯುಪಿಎಸ್ ಕೀಚಲು ದನಿಯೊಂದನ್ನು ಮಾತ್ರ ಉಳಿಸಿತು.

ಫ್ರೀಸರ್ಫರ್ ಜೊತೆಗೇ ಬರುವ ಸಿಂಥ್‌ಸೆಗ್ ಎಂಬ ಸಾಧನವನ್ನು ಯಾವ ಬಗೆಯ ಚಿತ್ರಕ್ಕಾದರೂ ಒಗ್ಗುವಂತೆ ರೂಪಿಸಿದ್ದು, ಬೇಗನೆ ಮುಗಿಯುತ್ತದೆ. ನನ್ನ ಚಿತ್ರಗಳಲ್ಲಿ ಅರ್ಧದಷ್ಟು 5 ಮಿ.ಮೀ. ದಪ್ಪದ ಸ್ಲೈಸ್‌ಗಳವು. ಅವುಗಳಿಂದ ಬಂದ ಪ್ಯಾಲಿಡಸ್ ಗಾತ್ರವನ್ನು 1 ಮಿ.ಮೀ. ಚಿತ್ರಗಳದರೊಂದಿಗೆ ಹೋಲಿಸಬಹುದೇ? ರೇಡಿಯಾಲಜಿ ಬಲ್ಲವರು ಯಾರಾದರೂ, ಡೈಸ್ ಅಂಕ (ಎರಡು ಗಡಿಗುರುತುಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) ಲೆಕ್ಕಹಾಕಲೆಂದು ನಾನು ಕೈಯಿಂದ ಬರೆದಿರುವ ಹತ್ತು ಗಡಿಗಳನ್ನು ಒಮ್ಮೆ ನೋಡಿಕೊಡುವಿರಾ? ಒಪ್ಪುವವರು ಇಲ್ಲಿಯೇ ತಿಳಿಸಿದರೆ ಸ್ಕ್ರೀನ್‌ಶಾಟ್‌ಗಳನ್ನು ಕಳುಹಿಸುತ್ತೇನೆ.