ಸೌತ್ ಮೌಂಟನ್ ಸುತ್ತು, ಸೈಕಲ್‌ಗಳ ನಡುವೆ, ಅಪ್ಪ-ಅಮ್ಮನ ಜೊತೆ: ಹೋಗಿ ಬಂದವರು ಹೇಳಿ

ಕೇಳಿದ್ದು:

ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಮಾರ್ಚ್‌ವರೆಗೆ ಅಮೆರಿಕದ ಫೀನಿಕ್ಸ್‌ನಲ್ಲಿ ನಮ್ಮ ಜೊತೆ ಇರುತ್ತಾರೆ. ಅಪ್ಪನಿಗೆ 66, ಅಮ್ಮನಿಗೆ 61. ತಿಂಗಳಿಗೆ ಎರಡು ಸಲವಾದರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, ಹಾಗಾಗಿ ಕಾಲಿನ ಬಗ್ಗೆ ಚಿಂತೆ ಇಲ್ಲ. ಫೆಬ್ರವರಿಯ ಒಂದು ಶನಿವಾರ ಇಲ್ಲಿನ ಸೌತ್ ಮೌಂಟನ್ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಆಸೆ. ಪೀಮಾ ಕ್ಯಾನ್ಯನ್‌ನಲ್ಲಿ ಕಾರು ನಿಲ್ಲಿಸುವುದು, ಮಾರ್ಮನ್ ಲೂಪ್ ಅನ್ನುವ ಕಾಲುಹಾದಿ ಹಿಡಿದು ಮೇಲೆ ಹತ್ತುವುದು, ಹಿಡನ್ ವ್ಯಾಲಿ ನೋಡುವುದು, ಬೆಟ್ಟದ ಬೆನ್ನ ಮೇಲೆ ಹೋಗುವ ನ್ಯಾಷನಲ್ ಟ್ರೇಲ್‌ನಲ್ಲಿ ಇಳಿಯುವುದು.

ಹೋದ ವಾರ ಒಬ್ಬನೇ ಹೋಗಿ ನೋಡಿ ಬಂದೆ. ಸೈಕಲ್‌ಗಳೋ ಸೈಕಲ್‌ಗಳು! ಒಂದು ತಿರುವಿನಲ್ಲಿ ಹಿಂದಿನಿಂದ ಒಬ್ಬ ಬಂದಿದ್ದು ನನಗೆ ಗೊತ್ತೇ ಆಗಲಿಲ್ಲ. ಟೈರಿನ ಸದ್ದು ಕೇಳಿದಾಗ ಎದೆ ಝಲ್ ಅಂತು. ಅಪ್ಪನಿಗೆ ಎಡಕಿವಿ ಬೇರೆ ಸ್ವಲ್ಪ ಮಂದ. ಈ ಸುತ್ತು ಬೇಡವಾ? ಯಾವ ಕಡೆಯಿಂದ ಸುತ್ತಬೇಕು? ನೀರು ಎಷ್ಟು ಬೇಕು? ಓದಿದ್ದು ಸಾಕಾಗಿದೆ, ನಡೆದು ನೋಡಿದವರು ಹೇಳಿ.

ಚಾಂಡ್ಲರ್‌ನಿಂದ, ಇಲ್ಲಿಗೆ ಬಂದು ಹನ್ನೊಂದು ವರ್ಷ:

ಹೋಗಿ, ಖಂಡಿತ ಹೋಗಿ. ಆದರೆ ಕಾರು ಹತ್ತುವ ಮುಂಚೆ ಮನೆಯಲ್ಲೇ ಅಪ್ಪನಿಗೆ ಒಂದು ಮಾತು ಹೇಳಿಬಿಡಿ. ಸೈಕಲ್ ಬಂದರೆ ಪಕ್ಕಕ್ಕೆ ಹಾರಬಾರದು.

ಮೂರು ವರ್ಷದ ಹಿಂದೆ ನಮ್ಮ ಮಾವ ಬಂದಿದ್ದರು. ಊರಲ್ಲಿ ರಸ್ತೆ ಬದಿ ನಡೆದು ರೂಢಿಯಾದವರು ಗೊತ್ತಲ್ಲ, ಹಿಂದೆ ಏನಾದರೂ ಸದ್ದಾದರೆ ಸಾಕು, ಕಾಲು ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಅದು ಪ್ರಾಣ ಉಳಿಸುವ ಗುಣ. ಇಲ್ಲಿ ಪಕ್ಕದಲ್ಲಿ ಇರುವುದು ಚೋಯಾ. ಸೈಕಲ್‌ನವನು ಇಪ್ಪತ್ತು ಅಡಿ ದೂರದಲ್ಲೇ ಬ್ರೇಕ್ ಹಿಡಿದು ನಿಂತಿದ್ದ. ಅಷ್ಟರಲ್ಲಿ ಮಾವ ಹಾರಿ ಆಗಿತ್ತು.

ಚೋಯಾ ನೋಡಿಲ್ಲದವರಿಗೆ ಹೇಳುತ್ತೇನೆ. ಇದು ಒಂದು ಜಾತಿಯ ಕಳ್ಳಿ. ಬೆಳಗಿನ ಬಿಸಿಲಿಗೆ ಹೊನ್ನಿನ ಬಣ್ಣದ ತುಪ್ಪಳ ಹೊದ್ದ ಹಾಗೆ ಕಾಣುತ್ತದೆ, ಅದಕ್ಕೇ ಒಂದು ಬಗೆಗೆ ಟೆಡ್ಡಿ ಬೇರ್ ಚೋಯಾ ಅಂತ ಹೆಸರು. ಮುಟ್ಟಿದರೆ ಅದರ ಗೆಣ್ಣು ಕಳಚಿ ನಿಮ್ಮ ಜೊತೆಗೇ ಬರುತ್ತದೆ. ಮುಳ್ಳಿನ ತುದಿಯಲ್ಲಿ ಗಾಳದ ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಹಲ್ಲು, ಒಳಗೆ ಹೋಗುವುದು ಸುಲಭ, ಹೊರಗೆ ಬರುವುದಿಲ್ಲ. ಮಾವನ ಮೀನಖಂಡಕ್ಕೆ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಅಂಟಿಕೊಂಡಿತ್ತು. ಗಾಬರಿಯಲ್ಲಿ ಕೈಯಿಂದ ಕೀಳಲು ಹೋದರು. ಕೈಗೂ ಹತ್ತಿತು. ಈಗ ಕೈ ಕಾಲು ಎರಡೂ ಒಂದೇ ಉಂಡೆಗೆ ಸಿಕ್ಕಿ, ಮನುಷ್ಯ ಬಗ್ಗಿದವರು ಬಗ್ಗಿದ ಹಾಗೇ.

ಆ ಸೈಕಲ್‌ನವನು ಬಂದು ಬ್ಯಾಗಿನಿಂದ ಒಂದು ಬಾಚಣಿಗೆ ತೆಗೆದ. ಮಾಮೂಲಿ ಪ್ಲಾಸ್ಟಿಕ್ ಬಾಚಣಿಗೆ. ಉಂಡೆಗೂ ಚರ್ಮಕ್ಕೂ ನಡುವೆ ಹಲ್ಲುಗಳನ್ನು ತೂರಿಸಿ, 'ಕಣ್ಣು ಮುಚ್ಚಿ' ಅಂದು ಒಂದೇ ಸಲಕ್ಕೆ ಎಗರಿಸಿದ. ಉಂಡೆ ಹಾರಿ ಕಲ್ಲಿನ ಮೇಲೆ ಬಿತ್ತು. ಒಳಗೆ ಮುರಿದು ಉಳಿದಿದ್ದನ್ನು ಚಿಮಟದಲ್ಲಿ ಒಂದೊಂದಾಗಿ ಎಳೆದ. ಹದಿನೇಳು ಮುಳ್ಳು. ಮಾವನೇ ಎಣಿಸಿದ್ದು. ಆಮೇಲೆ ಆತನಿಗೆ ನಮ್ಮ ಕೋಡುಬಳೆ ಕೊಟ್ಟೆವು, ನಿಂತುಕೊಂಡೇ ನಾಲ್ಕು ತಿಂದ. ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಬಾಚಣಿಗೆ, ಚಿಮಟ ತಪ್ಪುವುದಿಲ್ಲ.

ಹಾಗಾದರೆ ಸೈಕಲ್ ಬಂದಾಗ ಏನು ಮಾಡಬೇಕು? ನಿಂತಲ್ಲೇ ನಿಲ್ಲಬೇಕು. ಯಾವ ಪಕ್ಕ ಅಂತ ಕೈ ತೋರಿಸಬೇಕು. ಆಮೇಲೆ ನೆಲ ನೋಡಿಕೊಂಡು, ಕಲ್ಲೋ ಗಟ್ಟಿ ನೆಲವೋ ಇರುವ ಕಡೆ ಒಂದು ಹೆಜ್ಜೆ ಸರಿಯಬೇಕು. ಒಂದೇ ಹೆಜ್ಜೆ, ಹತ್ತು ಬೇಡ. ನಾಲ್ಕು ಜನ ಇದ್ದರೆ ನಾಲ್ಕೂ ಜನ ಒಂದೇ ಪಕ್ಕ. ಇಬ್ಬರು ಆ ಕಡೆ, ಇಬ್ಬರು ಈ ಕಡೆ ನಿಂತರೆ ಸವಾರನಿಗೆ ಯಾರು ಯಾವಾಗ ಅಡ್ಡ ಓಡುತ್ತಾರೋ ಅಂತ ಭಯ.

ದಿಕ್ಕಿನ ವಿಷಯ. ನೀವು ಹೇಳಿದ್ದನ್ನು ತಿರುಗಿಸಿ. ನ್ಯಾಷನಲ್ ಟ್ರೇಲ್‌ನಲ್ಲಿ ಹತ್ತಿ, ಮಾರ್ಮನ್‌ನಲ್ಲಿ ಇಳಿಯಿರಿ. ಪಶ್ಚಿಮದ ಎತ್ತರದಿಂದ ಬರುವ ಸವಾರರು ತುಂಬಾ ಜನ ನ್ಯಾಷನಲ್ ಹಿಡಿದೇ ಪೀಮಾ ಕ್ಯಾನ್ಯನ್‌ಗೆ ಇಳಿಯುತ್ತಾರೆ. ನೀವು ಹತ್ತುತ್ತಿದ್ದರೆ ಅವರು ಎದುರಿಗೆ ಸಿಗುತ್ತಾರೆ, ಕಣ್ಣಿಗೆ ಕಾಣುತ್ತಾರೆ. ಇಳಿಯುತ್ತಿದ್ದರೆ ಬೆನ್ನ ಹಿಂದಿನಿಂದ ಬರುತ್ತಾರೆ, ಅದೂ ಅಪ್ಪನ ಮಂದ ಕಿವಿಗೆ. ಇನ್ನೊಂದು, ನ್ಯಾಷನಲ್‌ನಲ್ಲಿ ಬಂಡೆ ಜಾಸ್ತಿ. ವಯಸ್ಸಾದ ಮಂಡಿಗೆ ಬಂಡೆ ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ.

ಟೆಂಪಿಯಿಂದ, ಸೈಕಲ್‌ನವನು:

ಆ 'ಸೈಕಲ್‌ಗಳೋ ಸೈಕಲ್‌ಗಳು' ಅಂದಿರಲ್ಲ, ಅದರಲ್ಲಿ ನಾನೂ ಒಬ್ಬ. ಬೈಬೇಡಿ.

ಮೇಲಿನವರು ದಿಕ್ಕಿನ ಬಗ್ಗೆ ಹೇಳಿದ್ದು ಸರಿ. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಗಟ್ಟಿ ನೆಲದ ಮೇಲೆ ಗೋಲಿಯಂಥ ಸಣ್ಣ ಜಲ್ಲಿ ಹರಡಿರುತ್ತದೆ. ಅದರ ಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಅದಕ್ಕೆ ದೂರದಿಂದಲೇ ನಿಧಾನ ಮಾಡಬೇಕು. ದೂರದಿಂದ ನೀವು ಕಾಣಬೇಕು ಅಂದರೆ ತಿರುವಿನ ಒಳಮಗ್ಗುಲಲ್ಲಿ ನಿಂತು ಫೋಟೊ ತೆಗೆಯಬಾರದು. ದೊಡ್ಡ ಬಂಡೆಯ ಕೆಳಗೆ ಕೂತು ತಿಂಡಿ ತಿನ್ನಬಾರದು. ಆ ನೆರಳು ಚೆನ್ನಾಗಿಯೇ ಇರುತ್ತದೆ, ಒಪ್ಪುತ್ತೇನೆ. ಆದರೆ ನಾವು ಬಂದು ಇಳಿಯುವ ಜಾಗವೂ ಅದೇ. ಕೆಳಗಿನ ನ್ಯಾಷನಲ್‌ನಲ್ಲಿ ವಾಟರ್‌ಫಾಲ್ ಅಂತ ಒಂದು ಜಾಗ ಇದೆ. ಹೆಸರು ಕೇಳಿ ನೀರು ಹುಡುಕಬೇಡಿ, ಬರೀ ಬಂಡೆ. ಶನಿವಾರ ಅಲ್ಲಿ ಸವಾರರು ಒಬ್ಬರಾದ ಮೇಲೆ ಒಬ್ಬರು ಪ್ರಯತ್ನ ಮಾಡುತ್ತಿರುತ್ತಾರೆ. ಅಪ್ಪನನ್ನು ಹತ್ತು ನಿಮಿಷ ಪಕ್ಕದಲ್ಲಿ ನಿಲ್ಲಿಸಿ, ಒಳ್ಳೇ ಮಜಾ ಸಿಗುತ್ತದೆ. ನಾನು ಅಲ್ಲಿ ಬಿದ್ದಿದ್ದು ಏಳು ಸಲ.

ನಾವು ಹಾದುಹೋಗುವಾಗ 'ಟೂ ಮೋರ್', 'ತ್ರೀ ಮೋರ್' ಅಂತ ಕೂಗುತ್ತೇವೆ. ಹಿಂದೆ ಇನ್ನೂ ಇಬ್ಬರು, ಮೂವರು ಇದ್ದಾರೆ ಅಂತ ಅರ್ಥ. ಕೊನೆಯವನು 'ಲಾಸ್ಟ್ ಒನ್' ಅನ್ನುತ್ತಾನೆ. ಅಲ್ಲಿವರೆಗೆ ದಾರಿಗೆ ವಾಪಸ್ ಕಾಲಿಡಬೇಡಿ. ಒಬ್ಬ ಹೋದ ಕೂಡಲೇ 'ಆಯ್ತು' ಅಂತ ಮುಂದೆ ಬರುವವರೇ ಜಾಸ್ತಿ, ಎರಡನೆಯವನ ಎದೆ ಬಾಯಿಗೆ ಬರುತ್ತದೆ.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬರಬೇಡಿ. ಇದನ್ನು ಬೆಲ್ ಇಲ್ಲದ ಸೈಕಲ್‌ನವರಿಗೂ ಹೇಳುತ್ತಿರುತ್ತೇನೆ, ಎರಡು ಕಡೆಯೂ ಶತ್ರುಗಳು ನನಗೆ.

ಮೇಸಾದಿಂದ:

ಎಲ್ಲರೂ ನಡೆಯುವವರಿಗೇ ನಿಲ್ಲಿ, ಸರಿಯಿರಿ ಅಂತೀರಲ್ಲ. ಟ್ರೇಲ್‌ನ ಬುಡದಲ್ಲಿರುವ ತ್ರಿಕೋನದ ಬೋರ್ಡ್ ನೋಡಿಲ್ಲವಾ? ಸೈಕಲ್‌ನವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು. ನಡೆಯುವವರು ಕುದುರೆಗೆ ಮಾತ್ರ. ಅರವತ್ತಾರು ವರ್ಷದವರು ಯಾಕೆ ಸರಿಯಬೇಕು?

ಟೆಂಪಿಯ ಸೈಕಲ್‌ನವನು, ಮತ್ತೆ:

ನಿಮ್ಮ ಮಾತು ಸತ್ಯ. ನಾನು ನಿಲ್ಲುತ್ತೇನೆ, ನಿಲ್ಲಲೇಬೇಕು. ಆದರೆ ಕಡಿದಾದ ಬಂಡೆ ಮೇಲೆ ಹತ್ತುತ್ತಿರುವಾಗ ಕಾಲು ಕೆಳಗಿಟ್ಟರೆ ಮತ್ತೆ ಹೊರಡಲು ಆಗುವುದಿಲ್ಲ, ತಳ್ಳಿಕೊಂಡೇ ಹೋಗಬೇಕು. ಆಗ ಯಾರಾದರೂ 'ಬಾ ಬಾ' ಅಂತ ಕೈ ಬೀಸಿದರೆ ಅದು ಅವರ ದೊಡ್ಡ ಮನಸ್ಸು. ಬೀಸದೆ ನಡೆದರೂ ತಪ್ಪೇನಿಲ್ಲ. ತೊಂದರೆ ಆಗುವುದು ಬಿಡುತ್ತೀರೋ ಇಲ್ಲವೋ ಅಂತ ಗೊತ್ತಾಗದಿದ್ದಾಗ.

ಕುದುರೆ ಬಂದರೆ ಮಾತ್ರ ನಾನೂ ನೀವೂ ಇಬ್ಬರೂ ಇಳಿಜಾರಿನ ಕೆಳಗಿನ ಪಕ್ಕಕ್ಕೆ ಸರಿದು, ಸುಮ್ನೆ ನಿಲ್ಲದೆ ಮೆಲ್ಲಗೆ ಏನಾದರೂ ಮಾತಾಡುತ್ತಿರಬೇಕು. ಬ್ಯಾಗು ಹೊತ್ತು ಅಲ್ಲಾಡದೆ ನಿಂತ ಆಕಾರ ಕಂಡರೆ ಅದಕ್ಕೆ ದಿಗಿಲು. ದನಿ ಕೇಳಿದರೆ ಮನುಷ್ಯ ಅಂತ ಗೊತ್ತಾಗುತ್ತದೆ. ಕನ್ನಡದಲ್ಲಿ ಮಾತಾಡಿದರೂ ನಡೆಯುತ್ತದೆ, ನೋಡಿದ್ದೇನೆ.

ಅವಾಟುಕಿಯಿಂದ, ವಾರಕ್ಕೆ ಮೂರು ದಿನ ಅಲ್ಲೇ ನಡೆಯುವವಳು:

ಸೈಕಲ್ ಚರ್ಚೆ ಚೆನ್ನಾಗಿದೆ. ಆದರೆ ಈ ಬೆಟ್ಟದಲ್ಲಿ ಜನರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಹೋಗುವುದನ್ನು ನಾನು ನೋಡಿದ್ದು ಮೂರು ಸಲ. ಮೂರೂ ಸಲ ಸೈಕಲ್ ಕಾರಣ ಅಲ್ಲ. ನೀರು.

ಸುತ್ತು ಒಟ್ಟು 12 ಕಿಲೊಮೀಟರ್ ಆಸುಪಾಸು. ಮೊದಲ ಎರಡು ಕಿ.ಮೀ. ಅಗಲವಾದ ಮಣ್ಣುರಸ್ತೆ, ಅದನ್ನು ನೋಡಿ 'ಇಷ್ಟೇನಾ' ಅನ್ನಿಸುತ್ತದೆ. ಅಪ್ಪ ಅಮ್ಮನ ಜೊತೆ ನಿಂತು ಕೂತು ಹೋದರೆ ಐದು ಗಂಟೆ ಹಿಡಿಯಿರಿ. ದಾರಿಯಲ್ಲಿ ಎಲ್ಲೂ ನಲ್ಲಿ ಇಲ್ಲ. ಫೆಬ್ರವರಿಯಲ್ಲಿ ಮಧ್ಯಾಹ್ನ 22 ಡಿಗ್ರಿ ಆಸುಪಾಸು, ಮೈಸೂರಿಗಿಂತ ತಂಪು ಅನ್ನಿಸುತ್ತದೆ. ಮೋಸ ಹೋಗುವುದೇ ಅಲ್ಲಿ. ಗಾಳಿ ಎಷ್ಟು ಒಣ ಅಂದರೆ ಬೆವರು ಬಂದಿದ್ದೇ ಗೊತ್ತಾಗುವುದಿಲ್ಲ, ಬಂದ ಹಾಗೇ ಆರಿಹೋಗುತ್ತದೆ. ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗ ತಡವಾಗಿರುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಬೆವರು ಸುರಿಯುತ್ತದೆ, ನೀರು ಕುಡಿಯಬೇಕು ಅಂತ ದೇಹವೇ ಹೇಳುತ್ತದೆ. ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ಗಡಿಯಾರ ನೋಡಿ ಕುಡಿಸುತ್ತೇನೆ. ಕಾಲು ಗಂಟೆಗೆ ನಾಲ್ಕು ಗುಟುಕು, ಬಾಯಾರಲಿ ಬಿಡಲಿ.

ಒಬ್ಬರಿಗೆ ಮೂರು ಲೀಟರ್. 'ಅಷ್ಟೆಲ್ಲ ಯಾಕೆ, ಹೊರಲು ಭಾರ' ಅಂತ ಅಮ್ಮಂದಿರು ಒಂದು ಬಾಟಲಿ ಮನೆಯಲ್ಲೇ ಬಿಟ್ಟು ಬರುತ್ತಾರೆ, ನೋಡಿಕೊಳ್ಳಿ. ಒಂದು ಬಾಟಲಿಯಲ್ಲಿ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿದ ಪಾನಕ ಇರಲಿ. ಯಾರದಾದರೂ ಅರ್ಧ ನೀರು ಖಾಲಿಯಾದಾಗ ಸುತ್ತಿನ ಅರ್ಧ ಮುಗಿದಿಲ್ಲ ಅಂದರೆ ಬಂದ ದಾರಿಯಲ್ಲೇ ವಾಪಸ್. ಸುತ್ತು ಹಾದಿಯ ತೊಂದರೆಯೇ ಇದು, 'ಇನ್ನು ಸ್ವಲ್ಪ, ಮುಂದೆ ಹೋದರೂ ಅಷ್ಟೇ ದೂರ' ಅಂತ ಮನಸ್ಸು ಸುಳ್ಳು ಹೇಳುತ್ತದೆ.

ಹೊರಡುವುದು ಸೂರ್ಯ ಹುಟ್ಟುವ ಹೊತ್ತಿಗೆ, ಆಗ ಏಳೂಕಾಲು. ಶನಿವಾರ ತಡವಾದರೆ ಕಾರು ನಿಲ್ಲಿಸಲು ಜಾಗವೂ ಸಿಗುವುದಿಲ್ಲ.

ಮೇ ತಿಂಗಳಲ್ಲಿ ಅತಿಥಿಗಳು ಬರುವವರು ಇದನ್ನು ಓದುತ್ತಿದ್ದರೆ: ದಯವಿಟ್ಟು ಈ ಸುತ್ತು ಬೇಡ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಶಾಖ 110 ಫ್ಯಾರನ್‌ಹೀಟ್ ಮುಟ್ಟಿತ್ತು, ಇಲ್ಲವೇ ದಾಟಿತ್ತು. ಅಂದರೆ 43 ಸೆಲ್ಸಿಯಸ್‌ಗೂ ಮೇಲೆ. 100 ಫ್ಯಾರನ್‌ಹೀಟ್ ಮುಟ್ಟಿದರೆ ನಾಯಿಯನ್ನು ಟ್ರೇಲ್‌ಗೆ ಕರೆದುಕೊಂಡು ಹೋಗುವುದಕ್ಕೇ ನಗರದ ನಿಷೇಧ ಇದೆ. ಮಾವನನ್ನು ಕರೆದುಕೊಂಡು ಹೋಗುತ್ತೀರಾ?

ಹಾವು: ಫೆಬ್ರವರಿಯಲ್ಲಿ ಕಡಿಮೆ, ಆದರೆ ಬಿಸಿಲು ಕಾಯಲು ಬಂದಿರುತ್ತದೆ. ಬಂಡೆ ಸಂದಿಗೆ ನೋಡದೆ ಕೈ ಇಡಬೇಡಿ. ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡುವುದೇ, ಕೈ ಬೀಸುವುದಲ್ಲ.

ಗಿಲ್ಬರ್ಟ್‌ನಿಂದ:

ಹಿಡನ್ ವ್ಯಾಲಿ ತಪ್ಪಿಸಬೇಡಿ. ಅಲ್ಲಿನ ಫ್ಯಾಟ್ ಮ್ಯಾನ್ಸ್ ಪಾಸ್ ಅನ್ನುವ ಬಂಡೆ ಸಂದಿಯಲ್ಲಿ ಅಡ್ಡಡ್ಡ ನುಸುಳಬೇಕು. ಜನರ ಹೊಟ್ಟೆ, ಬೆನ್ನು ಉಜ್ಜಿ ಉಜ್ಜಿ ಕಲ್ಲು ನಮ್ಮ ದೇವಸ್ಥಾನದ ಹೊಸ್ತಿಲಿನ ಹಾಗೆ ನುಣ್ಣಗಾಗಿದೆ. ಅಲ್ಲಿ ಸೈಕಲ್ ಕಾಟ ಇಲ್ಲ, ಅವರ ಹ್ಯಾಂಡಲ್ ಹಿಡಿಸುವುದಿಲ್ಲ. ಬಂಡೆಗಳ ಮೇಲೆ ಕಣ್ಣಿಡಿ, ಚಕ್‌ವಾಲಾ ಅನ್ನುವ ದಪ್ಪ ಓತಿ ಬಿಸಿಲಿಗೆ ಮಲಗಿರುತ್ತದೆ. ಈ ಬೆಟ್ಟದ ಗಂಡು ಚಕ್‌ವಾಲಾಗಳಿಗೆ ಬಾಲ ಕಿತ್ತಳೆ ಬಣ್ಣ.

ನಿಮ್ಮಪ್ಪನಿಗೆ ಲೆಕ್ಕ ಇಷ್ಟವಾದರೆ ಇದನ್ನೂ ಹೇಳಿ. 1924ರಲ್ಲಿ ಫೀನಿಕ್ಸ್ ನಗರ ಈ ಬೆಟ್ಟದ 13,000 ಎಕರೆಯನ್ನು ಕೇಂದ್ರ ಸರ್ಕಾರದಿಂದ ಕೊಂಡಿದ್ದು 17,000 ಡಾಲರ್‌ಗೆ. ಈಗ 16,000 ಎಕರೆ ದಾಟಿದೆ. ನಮ್ಮ ಮನೆ ಬಚ್ಚಲು ರಿಪೇರಿಗೆ ಹೋದ ವರ್ಷ ಹೆಚ್ಚುಕಮ್ಮಿ ಅಷ್ಟೇ ಕೊಟ್ಟೆ.

ಕಿತ್ತಳೆ ಸಿಪ್ಪೆ ಎಸೆಯಬೇಡಿ. ಇಲ್ಲಿ ಕೊಳೆಯುವುದಿಲ್ಲ, ಒಣಗಿ ಅಲ್ಲೇ ಬಿದ್ದಿರುತ್ತದೆ.

ಕೇಳಿದವನು, ಹೋಗಿ ಬಂದ ಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ನ್ಯಾಷನಲ್‌ನಲ್ಲಿ ಹತ್ತಿದೆವು. ಸೈಕಲ್‌ಗಳೆಲ್ಲ ಎದುರಿಗೇ ಬಂದವು, ಅಪ್ಪ ಒಂದು ಸಲವೂ ಹಾರಲಿಲ್ಲ. ಬದಲಿಗೆ ಟ್ರಾಫಿಕ್ ಪೊಲೀಸ್ ಥರ ಕೈ ತೋರಿಸಲು ಶುರು ಮಾಡಿದರು. 'ಟೂ ಮೋರ್' ಅಂತ ಯಾರಾದರೂ ಕೂಗಿದರೆ ನಮಗೆ 'ಇನ್ನೂ ಎರಡು ಇವೆ, ಅಲ್ಲೇ ನಿಲ್ಲಿ' ಅಂತ ಅಪ್ಪನದೇ ಕನ್ನಡ ಅನುವಾದ. ಲೆಕ್ಕ ಇಟ್ಟಿದ್ದಾರೆ: 43 ಸೈಕಲ್, ಮಾತಾಡದೆ ಹೋದವರು ಐದು ಜನ.

ಮಾರ್ಮನ್ ಕಡೆ ಇಳಿಯಲಿಲ್ಲ. ಹಿಡನ್ ವ್ಯಾಲಿ ಹೊತ್ತಿಗೆ ಅಮ್ಮನ ನೀರು ಅರ್ಧ ಮುಗಿದಿತ್ತು. ನಿಜ, ಒಂದು ಬಾಟಲಿ ಕಾರಿನಲ್ಲೇ ಬಿಟ್ಟಿದ್ದರು. ನನ್ನ ಮನಸ್ಸೂ 'ಇನ್ನು ಸ್ವಲ್ಪ' ಅಂತಲೇ ಹೇಳಿತು. ಕೇಳಲಿಲ್ಲ, ಬಂದ ದಾರಿಯಲ್ಲೇ ವಾಪಸಾದೆವು. ಇಳಿಯುವಾಗ ಅಪ್ಪನನ್ನು ಮುಂದೆ ಬಿಟ್ಟು ನಾನು ಹಿಂದೆ ಇದ್ದೆ, ಸೈಕಲ್ ಬಂದಾಗ ಬಲಗಡೆಯಿಂದ ಹೆಗಲು ಮುಟ್ಟುತ್ತಿದ್ದೆ. ಅಷ್ಟು ಸಾಕಾಯಿತು.

ಒಂದು ಸಹಾಯ ಬೇಕು. ಬಂಡೆ ಸಂದಿ ನುಸುಳುವಾಗ ಅಮ್ಮ ಚಕ್ಕುಲಿ ಡಬ್ಬವನ್ನು ಈ ಕಡೆಯ ಚಪ್ಪಟೆ ಕಲ್ಲಿನ ಮೇಲೆ ಇಟ್ಟು ಮರೆತು ಬಂದಿದ್ದಾರೆ. ಕಸ ಬಿಟ್ಟು ಬಂದ ಹಾಗಾಯಿತು, ಗೊತ್ತು. ಈ ವಾರ ಯಾರಾದರೂ ಆ ಕಡೆ ಹೋದರೆ ನೋಡಿ. ಸ್ಟೀಲ್ ಡಬ್ಬ, ಮುಚ್ಚಳದ ಮೇಲೆ ಅಮ್ಮನ ಮದುವೆ ತಾರೀಖು ಕೊರೆದಿದೆ.